ಮೂರನೆಯ ಅಕ್ಷರ

ನನ್ನ ಸೋದರಮಾವನಿಗೆ ಕನ್ನಡಕದ ಅಂಗಡಿ ಇತ್ತು. ಊರಿನ ಅರ್ಧದಷ್ಟು ಮೂಗುಗಳ ಅಳತೆ ಅವನಿಗೆ ಬಾಯಿಪಾಠ. ಆದರೂ ಊರು ಅವನನ್ನು ಕರೆಯುತ್ತಿದ್ದದ್ದು ಚಾಸಿ ಮಾವ ಎಂದು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಕಾರ್ಖಾನೆಯವರು ಒತ್ತಿದ ಚಾಸಿ ನಂಬರನ್ನು ಓದಿ ಅದರ ಜಾತಕ ಹೇಳುವುದು ಅವನ ಹುಚ್ಚು. ಸ್ವಂತಕ್ಕೆ ಮಾತ್ರ ಒಂದು ಸೈಕಲ್ಲು. ಕಾರು ಇಟ್ಟುಕೊಂಡರೆ ಪಕ್ಷಪಾತ ಬಂದುಬಿಡುತ್ತದೆ ಎನ್ನುತ್ತಿದ್ದ. ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಅತ್ತೆ ಒಳಗಿನಿಂದಲೇ ಹೇಳುತ್ತಿದ್ದಳು.

ವಿದ್ಯೆ ಕಷ್ಟದ್ದೇನಲ್ಲ, ನನಗೂ ಅಷ್ಟಿಷ್ಟು ಬರುತ್ತದೆ. ಬಾನೆಟ್ ಎತ್ತಿದರೆ ಒಳಗೆ ಅಂಗೈ ಅಗಲದ ಒಂದು ತಗಡಿನ ಪಟ್ಟಿ ಇರುತ್ತದೆ. ಮಾವ ಮೆಚ್ಚುತ್ತಿದ್ದ ಕಾರುಗಳಲ್ಲಿ ಮೊದಲ ಅಕ್ಷರ ಕಾರಿನ ಮನೆತನ, ಎರಡನೆಯದು ಇಂಜಿನ್ನಿನ ಗಾತ್ರ, ಮೂರನೆಯದು ಬಾಡಿಯ ಬಗೆ. ಮೂರನೆಯದು ಎಸ್ ಆದರೆ ಮನೆಮಂದಿ ಕೂತು ಹೋಗುವ ಕಾರು. ವಿ ಆದರೆ ಹಿಂದೆ ಕಿಟಕಿಯಿಲ್ಲದ, ಸಾಮಾನು ಹೊರುವ ವ್ಯಾನು. ಮುಂದೆಲ್ಲೋ ಎಲ್ ಕಂಡರೆ ಸ್ಟಿಯರಿಂಗ್ ಎಡಗಡೆ ಇದ್ದದ್ದು. ಮಾವ ಪಟ್ಟಿಗೆ ಚಾಕ್‌ಪೀಸ್ ಪುಡಿ ಉಜ್ಜಿ, ಉಫ್ ಎಂದು ಊದಿ, ಓದಿ, ಕಂಡದ್ದನ್ನು ಕಂಡ ಹಾಗೆ ಹೇಳಿ ಸೈಕಲ್ ಹತ್ತುತ್ತಿದ್ದ. ಮಾಲೀಕನ ಮುಖ ಏನಾಯಿತು ಎಂದು ತಿರುಗಿಯೂ ನೋಡುತ್ತಿರಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒಬ್ಬ ವಕೀಲರು ತಮ್ಮ ಕಾರು ಹುಟ್ಟಿದಾಗಿನಿಂದ ಒಂದು ಸ್ಕ್ರೂ ಕೂಡ ಕದಲಿಲ್ಲ ಎಂದು ಜಂಬ ಕೊಚ್ಚುತ್ತಿದ್ದರು. ಮಾವ ಓದಿ, "ಇದು ಎಡಗಡೆ ಸ್ಟಿಯರಿಂಗ್ ಕಾರು ಸಾರ್. ನಿಮ್ಮದು ಬಲಗಡೆ ಇದೆ. ಸ್ಕ್ರೂ ಬಿಡಿ, ಸ್ಟಿಯರಿಂಗೇ ಕದಲಿದೆ" ಅಂದ. ವಕೀಲರು ಅಂದಿನಿಂದ ಕನ್ನಡಕವನ್ನು ಪಕ್ಕದ ಊರಿನಲ್ಲಿ ಮಾಡಿಸತೊಡಗಿದರು. ನನ್ನ ಅಪ್ಪನ ಗೆಳೆಯರೊಬ್ಬರಿಗಂತೂ, "ನಿಮ್ಮ ಹತ್ರ ಇರೋದು ಒಂದು ಕಾರಲ್ಲ, ಎರಡು ಅರ್ಧ ಕಾರು. ಹಿಂದಿಂದಕ್ಕೆ ಮುಂದಿಂದರ ಪರಿಚಯವೇ ಇಲ್ಲ" ಎಂದು ಊಟದ ಮೇಜಿನಲ್ಲೇ ಹೇಳಿದ. ಅರ್ಧ ಊಟಕ್ಕೇ ಎದ್ದು ಹೋದವರು ಮತ್ತೆ ನಮ್ಮನೆಗೆ ಬರಲಿಲ್ಲ, ಅವರ ಪಾಲಿನ ಊಟವನ್ನೂ ಮಾವನೇ ಮಾಡಿ ಹೋದ.

ಇಂಥ ಮಾವನಿಗೆ ಒಬ್ಬಳೇ ಮಗಳು, ದನದ ಡಾಕ್ಟರು. ಎಮ್ಮೆ ಒದ್ದರೂ ಹೆದರದ ಹುಡುಗಿ, ಪ್ರಿಂಟಿಂಗ್ ಪ್ರೆಸ್ ಯಜಮಾನರ ಮಗನನ್ನು ಮೆಚ್ಚಿಕೊಂಡಳು. ಹುಡುಗ ಬಂಗಾರದಂಥವನು. ತೊಂದರೆ ಇದ್ದದ್ದು ಅವನ ಅಪ್ಪನ ಶೆಡ್ಡಿನಲ್ಲಿ. ಅಲ್ಲಿ ಕೆನೆಬಣ್ಣದ ಒಂದು ಹಳೆಯ ಬ್ರಿಟಿಷ್ ಕಾರಿತ್ತು. ಅದು ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ ಎಂಬುದು ಯಜಮಾನರ ಜೀವನದ ಏಕಮಾತ್ರ ಘೋಷಣೆ. ಕೆನೆಬಣ್ಣ ಸ್ವಲ್ಪ ಹೆಚ್ಚಾಯಿತೇನೋ ಎಂದ ತಪ್ಪಿಗೆ ಸ್ವಂತ ತಮ್ಮನ ಜೊತೆ ಮಾತು ಬಿಟ್ಟವರು ಅವರು. ಹುಡುಗ ಮಾವನ ಮಗಳಿಗೆ ಮೊದಲೇ ಹೇಳಿಬಿಟ್ಟಿದ್ದ: "ಅಪ್ಪನ್ನ ನೋಯಿಸಿ ಮದುವೆ ಆಗೋಕೆ ನನ್ನ ಕೈಲಾಗಲ್ಲ. ಕಾರಿನ ಬಗ್ಗೆ ಯಾರಾದ್ರೂ ಕೊಂಕು ತೆಗೆದ್ರೆ ಅಪ್ಪ ಮತ್ತೆ ಆ ಮನೆ ಮೆಟ್ಟಿಲು ಹತ್ತಲ್ಲ."

ಅಪ್ಪ ಮಗ ಇಬ್ಬರೂ ಮೊದಲ ಸಲ ಮಾವನ ಮನೆಗೆ ಬರುವ ದಿನ ಅತ್ತೆ ಬೆಳಿಗ್ಗೆಯೇ ಮಾವನನ್ನು ಅಡುಗೆಮನೆಯ ಮೂಲೆಗೆ ನಿಲ್ಲಿಸಿಕೊಂಡಳು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀವು ಸಾವಿರ ಹೇಳೋದು ಬೇಡ. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಸಾಕು."

"ನಾನೇನು ಚಿಕ್ಕ ಮಗೂನಾ?" ಅಂದ ಮಾವ. ಅತ್ತೆ ಅವನ ಜೇಬಿನಿಂದ ಚಾಕ್‌ಪೀಸ್ ತೆಗೆದು ಡಬ್ಬಿಯೊಳಗೆ ಹಾಕಿದಳು.

ಕಾರು ಗೇಟಿನ ಮುಂದೆ ನಿಂತಿತು. ಎಲ್ಲರೂ ಹುಡುಗನನ್ನು ನೋಡಿದೆವು, ಮಾವ ಹಿಂದಿನ ಕಿಟಕಿ ನೋಡಿದ. ಅದರ ಸುತ್ತಲಿನ ರಬ್ಬರು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿತ್ತು. ಮಾವನ ಕುತ್ತಿಗೆ ತನ್ನಷ್ಟಕ್ಕೆ ತಾನೇ ಉದ್ದವಾಯಿತು. ಅತ್ತೆ ಅವನ ಮೊಣಕೈ ಹಿಡಿದು, ಮಾತು ಕೇಳದ ಕರುವನ್ನು ಎಳೆದ ಹಾಗೆ ಒಳಗೆ ಎಳೆದುಕೊಂಡು ಹೋದಳು.

ಚಹಾ ಆಯಿತು, ಬಿಸ್ಕತ್ತು ಆಯಿತು, ಬಿಸಿಲಿನ ಬಗ್ಗೆ ಮಾತೂ ಆಯಿತು. ಮಾವ ಕಿಟಕಿಗೆ ಬೆನ್ನು ಮಾಡಿ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಪಾಪ, ಅಂದು ಅವನು ನಿಜಕ್ಕೂ ಮಾತು ಉಳಿಸಿಕೊಳ್ಳುತ್ತಿದ್ದ. ಮಾತು ಎತ್ತಿದ್ದು ಪ್ರೆಸ್ ಯಜಮಾನರೇ.

"ನಿಮ್ಮ ವಿದ್ಯೆ ಬಗ್ಗೆ ಬಹಳ ಕೇಳಿದ್ದೀನಿ" ಅಂದರು. "ನಮ್ಮ ಕಾರನ್ನೂ ಒಂದ್ಸಲ ನೋಡಿಬಿಡಿ. ಎಲ್ಲರ ಮುಂದೆ ಆಗಿಹೋಗಲಿ." ಹೇಳುತ್ತಲೇ ಚಹಾ ಮುಗಿದ ಲೋಟವನ್ನು ಎರಡು ಸಲ ತುಟಿಗೆ ಇಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಎಂದು ನನಗೆ ಆಗಲೇ ಅನುಮಾನ ಬಂತು.

ಎಲ್ಲರೂ ಹೊರಗೆ ಬಂದೆವು. ಮಾವ ಬಾನೆಟ್ ಎತ್ತಿ ಸೊಂಟದವರೆಗೂ ಒಳಗೆ ಹೋದ. ಚಾಕ್‌ಪೀಸ್ ಇಲ್ಲದ್ದಕ್ಕೆ ಗೋಡೆಯ ಸುಣ್ಣವನ್ನೇ ಉಗುರಿನಲ್ಲಿ ಕೆರೆದುಕೊಂಡಿದ್ದ. ಉಫ್ ಎಂಬ ಸದ್ದು ಕೇಳಿಸಿತು. ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಹುಡುಗ ಚಪ್ಪಲಿ ನೋಡಿಕೊಳ್ಳುತ್ತಿದ್ದ, ಅವನ ಪಕ್ಕದಲ್ಲಿ ಮಾವನ ಮಗಳು ನಿಂತಿದ್ದಳು. ಪಕ್ಕದಿಂದ ಬಗ್ಗಿದರೆ ನನಗೂ ಪಟ್ಟಿ ಕಾಣುತ್ತಿತ್ತು. ಮೂರನೆಯ ಅಕ್ಷರ ವಿ.

ಮಾವ ಹೊರಬಂದ. ಮೂಗಿನ ತುದಿಗೆ ಗ್ರೀಸು ಮೆತ್ತಿತ್ತು.

"ಎಸ್" ಅಂದ. "ಮನೆಮಂದಿ ಕಾರು. ಅಪ್ಪಟ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುವುದಾದರೂ ಹೇಗೆ? "ಕೊನೇ ಅಂಕಿ ನೋಡಿದ್ರೆ ಊಟ ಆದ್ಮೇಲೆ ಮಾಡಿದ ಕಾರು ಅನ್ಸತ್ತೆ. ಕೆಲಸದವರು ಖುಷಿಯಾಗಿದ್ರು. ಕಿಟಕಿಗಳನ್ನಂತೂ ಕಾರ್ಖಾನೆಯ ದೊಡ್ಡ ಮೇಸ್ತ್ರಿ ಖುದ್ದಾಗಿ ಕೂರಿಸಿದ್ದು" ಎಂದು ಬುರುಡೆ ಬಿಡುತ್ತಲೇ ಹೋದ. ಅತ್ತೆ ಆಕಾಶ ನೋಡಿದಳು.

ಪ್ರೆಸ್ ಯಜಮಾನರು ಮಾವನ ಮುಖ ನೋಡಿದರು, ಕಿಟಕಿ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಎಷ್ಟು ವರ್ಷದ ಹೆದರಿಕೆ ಒಳಗೆ ಕೂತಿತ್ತೋ ಏನೋ, ಎಲ್ಲ ಒಟ್ಟಿಗೆ ಹೊರಗೆ ಬಂತು. ಗೇಟು ಹಿಡಿದುಕೊಂಡು ನಕ್ಕರು. ಖುಷಿಯಲ್ಲಿ ಬಾಯಿಯೂ ಸಡಿಲಾಯಿತು.

"ಅಯ್ಯೋ ಮಾರಾಯರೇ, ಇದು ಬ್ರೆಡ್ ಸಾಗಿಸೋ ವ್ಯಾನು. ಕಿಟಕಿ ಕತ್ತರಿಸಿದ್ದು ನಾನು, ನಮ್ಮಪ್ಪ. ನೀವು ಎಲ್ಲಿ ಹಿಡಿದುಬಿಡ್ತೀರೋ ಅಂತ ನಾನು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ನೋಡಿದ್ರೆ ನಿಮ್ಮ ವಿದ್ಯೆನೇ ಬುರುಡೆ. ದೊಡ್ಡ ಮೇಸ್ತ್ರಿಯಂತೆ, ಊಟ ಆದ್ಮೇಲಂತೆ."

ಮಾವನ ಕಿವಿ ಕೆಂಪಾಯಿತು. ಯಾರು ಏನಂದರೂ ತಡೆದುಕೊಳ್ಳುತ್ತಿದ್ದವನು, ನಂಬರು ಸುಳ್ಳು ಎಂದರೆ ಮಾತ್ರ ತಡೆದುಕೊಂಡವನಲ್ಲ. ಬಾನೆಟ್ ಇನ್ನೂ ತೆರೆದೇ ಇತ್ತು. ಬೆರಳಿಟ್ಟು ತೋರಿಸಿದರೆ ಮುಗಿಯಿತು, ವಿದ್ಯೆ ಉಳಿಯುತ್ತಿತ್ತು. ಮದುವೆ ಉಳಿಯುತ್ತಿರಲಿಲ್ಲ. ಗೊತ್ತಿದ್ದೂ ತನ್ನನ್ನು ಮಂಗ ಮಾಡಿದ ಮನೆಯಿಂದ ಆ ಮನುಷ್ಯ ಹೆಣ್ಣು ತರುವುದುಂಟೆ? ನನಗೆ ತಡೆಯಲಾಗಲಿಲ್ಲ, "ಮೂರನೇ ಅಕ್ಷರ" ಎಂದು ಬಾಯಿ ತೆರೆದೆ. ಅತ್ತೆ ನನ್ನ ಕಾಲನ್ನು ಎಷ್ಟು ಬಲವಾಗಿ ತುಳಿದಳೆಂದರೆ ಉಳಿದ ಮಾತು ಅಮ್ಮಾ ಎಂದಾಯಿತು.

ಮಾವ ಬಾನೆಟ್ ಮುಚ್ಚಿದ. "ಹೌದು ಸ್ವಾಮಿ. ಅಂದಾಜಿನ ವಿದ್ಯೆ. ಒಂದೊಂದು ಸಲ ಹೀಗಾಗತ್ತೆ" ಅಂದ.

ಯಜಮಾನರು ಅವನನ್ನು ತಬ್ಬಿಕೊಂಡರು. ಬುರುಡೆ ಬಿಟ್ಟರೂ ಮನುಷ್ಯ ಒಳ್ಳೆಯವನು ಎಂದರು. ಮದುವೆ ಅಲ್ಲೇ ನಿಂತ ನಿಲುವಿನಲ್ಲಿ ಗೊತ್ತಾಯಿತು.

ಮದುವೆ ಗೊತ್ತಾದ ಸುದ್ದಿಗಿಂತ ಮುಂಚೆ ಬುರುಡೆಯ ಸುದ್ದಿ ಊರು ಸುತ್ತಿತು. ಬೀಗರು ತಮ್ಮ ವ್ಯಾನಿನ ಗುಟ್ಟು ಬಯಲಾದರೂ ಚಿಂತೆಯಿಲ್ಲ ಎಂದು ಹೋದಲ್ಲೆಲ್ಲ ಕಥೆ ಹೇಳಿಕೊಂಡು ನಕ್ಕರು. ನಂಬರು ಓದಿಸಲು ಯಾರೂ ಮಾವನನ್ನು ಕರೆಯದಾದರು. ವಕೀಲರು ನಗುವುದಕ್ಕೆಂದೇ ಅಂಗಡಿಗೆ ಬಂದು, ಬಂದದ್ದಕ್ಕೆ ಒಂದು ಕನ್ನಡಕ ಕೊಂಡು ಹೋದರು. ಮಾವ ಅದನ್ನೂ ನಗುನಗುತ್ತ ಕಟ್ಟಿಕೊಟ್ಟ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಮದುವೆಗೆ ಇನ್ನು ಸ್ವಲ್ಪ ದಿನವಿರುವಾಗ ನಾನು ಕನ್ನಡಕದ ಕಾಲು ಬಿಗಿ ಮಾಡಿಸಲು ಅಂಗಡಿಗೆ ಹೋಗಿದ್ದೆ. ಮಾವನ ಮಗಳು ಯಾರದೋ ಕೊಟ್ಟಿಗೆಯಿಂದ ನೇರವಾಗಿ ಬಂದವಳು, ಮೊಣಕಾಲಿನವರೆಗಿನ ಬೂಟಿನಲ್ಲೇ ಗಿರಾಕಿಯ ಕುರ್ಚಿಯಲ್ಲಿ ಕೂತಳು.

"ಅಪ್ಪಾ, ಅದು ವಿ ತಾನೇ?"

ಮಾವ ಸ್ಕ್ರೂ ತಿರುಗಿಸುತ್ತಲೇ ಇದ್ದ. ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿದ. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. "ಯಾರು ಹೇಳಿದ್ದು?" ಅಂದ.

"ಯಾರೂ ಹೇಳಿಲ್ಲ. ಚಿಕ್ಕಂದಿನಿಂದ ನಿನ್ನ ನೋಡಿದ್ದೀನಿ. ನಂಬರು ಓದಿ ತಲೆ ಎತ್ತಿದ ಮೇಲೆ ನೀನು ಯಾರ ಮುಖಾನೂ ನೋಡ್ತಿರಲಿಲ್ಲ. ಅವತ್ತು ಮೊದಲು ನನ್ನ ಮುಖ ನೋಡಿದೆ. ಆಮೇಲೆ ಎಸ್ ಅಂದೆ."

ಮಾವನ ಕೈಯಿಂದ ಸ್ಕ್ರೂ ಜಾರಿ ಮೇಜಿನ ಕೆಳಗೆ ಹೋಯಿತು. ಅವನು ಅದನ್ನು ಹುಡುಕಲಿಲ್ಲ. ಅವನ ಕಣ್ಣು ತುಂಬಿತು. ಅವಳು ಆಗಲೇ ಅಳುತ್ತಿದ್ದಳು.

"ವ್ಯಾನು ಒಳ್ಳೇದೇ ಕಣೆ" ಅಂದ ಮಾವ, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ಸ್ಪ್ರಿಂಗು ಗಟ್ಟಿ ಇರತ್ತೆ. ನಿನ್ನ ಹುಷಾರಾಗಿ ಗಂಡನ ಮನೆಗೆ ಕರ್ಕೊಂಡು ಹೋಗತ್ತೆ."