ಸ್ಕ್ರೂಡ್ರೈವರ್ ಇಲ್ಲದ ರಜೆ

ಮೋಟಾರ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೆಂಟು ವರ್ಷ ಅವರು ನಡೆಸಿದ್ದು ಫ್ಯಾನು, ಪಂಪು, ಮಿಕ್ಸಿಗಳ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಆದರೆ ಸುಟ್ಟ ಮೋಟಾರು ಹಿಡಿದು ಬಂದವರಿಗೆ ಅದು ಯಾಕೆ ಸುಟ್ಟಿತು, ನೀವು ಮಾಡಿದ ತಪ್ಪೇನು, ಇನ್ನು ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಹೇಳಿ ಮುಗಿಸುವ ತನಕ ಅವರು ಯಾರನ್ನೂ ಅಂಗಡಿಯ ಮೆಟ್ಟಿಲು ಇಳಿಯಗೊಡುತ್ತಿರಲಿಲ್ಲ. ಹೆಸರು ಹಾಗೆ ಅಂಟಿಕೊಂಡಿತು. ಅವರ ಹೆಂಡತಿ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಕೊಂಬು ತಪ್ಪಿದ ಒಂದಕ್ಷರ ಇಡೀ ಪುಟದಲ್ಲಿ ಎಲ್ಲಿ ಅಡಗಿದ್ದರೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಒಬ್ಬಳೇ ಮಗಳು ಅಪ್ಪನ ಕಸುಬನ್ನೇ ಕಲಿತು, ಅಂಗಡಿಯಲ್ಲಿ ಅವರ ಎದುರಿನ ಮೇಜಿಗೇ ಕೂರುತ್ತಿದ್ದಳು.

ಗಂಡ ಹೆಂಡತಿ ವರ್ಷಕ್ಕೊಮ್ಮೆ ಹತ್ತು ದಿನ ರಜೆ ಹಾಕಿ ಹೋಗುತ್ತಿದ್ದದ್ದು ಒಂದೇ ಜಾಗಕ್ಕೆ, ಕಡಲ ದಂಡೆಯ ಎಂಟು ಕೋಣೆಗಳ ಒಂದು ಹಳೆಯ ವಸತಿಗೃಹಕ್ಕೆ. ಹತ್ತೊಂಬತ್ತು ವರ್ಷ ಅದೇ ಮೂಲೆಯ ಕೋಣೆ, ಅದೇ ಕಿಟಕಿ. ಅದರ ಒಡತಿ ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಎರಡು ವರ್ಷ ದೊಡ್ಡವರು. ಹಾಗಾಗಿ ಇಬ್ಬರಿಗೂ ಅಕ್ಕ.

ಮೊದಲ ವರ್ಷ ಹೋದಾಗ ಮೇಷ್ಟ್ರ ಅವಸ್ಥೆ ನೋಡುವ ಹಾಗಿರಲಿಲ್ಲ. ಮೊದಲ ದಿನ ಸಮುದ್ರ ನೋಡಿದರು. ಎರಡನೆಯ ದಿನ ಬೆಳಿಗ್ಗೆ, ನಿನ್ನೆ ನೋಡಿದ್ದೇ ಇದು ಎಂದರು. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಓದುತ್ತಿದ್ದ ಪುಸ್ತಕದ ಪುಟ ತಿರುಗಿಸುವ ರೀತಿಯಲ್ಲೂ ತಪ್ಪು ಹುಡುಕತೊಡಗಿದ್ದರು. ಮೂರನೆಯ ದಿನ ಪುಣ್ಯಕ್ಕೆ ವಸತಿಗೃಹದ ನೀರಿನ ಪಂಪು ಕೆಟ್ಟಿತು. ಮೇಷ್ಟ್ರು ಬ್ಯಾಗಿನಿಂದ ಸ್ಕ್ರೂಡ್ರೈವರಿನ ಚರ್ಮದ ಚೀಲ ತೆಗೆದು, ಪಂಪಿನ ಕೋಣೆ ಹೊಕ್ಕು, ಮೂರು ತಾಸು ಕಳೆದ ಮೇಲೆ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಮದುಮಗನ ಹಾಗೆ ಹೊರಗೆ ಬಂದರು. ಉಳಿದ ಏಳು ದಿನ ಅವರಷ್ಟು ಒಳ್ಳೆಯ ಗಂಡ ಲೋಕದಲ್ಲಿ ಇನ್ನೊಬ್ಬನಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅಕ್ಕನ ಹತ್ತಿರ ಒಂದು ಪಟ್ಟಿ ಸಿದ್ಧವಾಗಿರುತ್ತಿತ್ತು. ಎರಡನೆಯ ಕೋಣೆಯ ಫ್ಯಾನು ಕರಕರ ಅನ್ನುತ್ತೆ, ಗೀಸರ್ ಬಿಸಿಯಾಗೋದಿಲ್ಲ, ಹಿತ್ತಲ ಬಾಗಿಲ ಚಿಲಕ ಕೂರೋದಿಲ್ಲ. ಮೇಷ್ಟ್ರು ಬೆಳಿಗ್ಗೆ ಕಾಫಿ ಕುಡಿದು ಕೆಲಸಕ್ಕೆ ಇಳಿಯುತ್ತಿದ್ದರು. ಹೆಂಡತಿ ಮತ್ತು ಅಕ್ಕ ಜಗಲಿಯಲ್ಲಿ ಕೂತು ಊರಿನ, ಊರಾಚೆಯ ಮಾತೆಲ್ಲ ಆಡುತ್ತಿದ್ದರು. "ನಾನೊಂದು ವರ್ಷ ಬರಲಿಲ್ಲ ಅಂದ್ರೆ ಈ ಕಟ್ಟಡದ ಗತಿ ದೇವರಿಗೇ ಪ್ರೀತಿ" ಎಂದು ಮೇಷ್ಟ್ರು ವಾಪಸು ಬರುವಾಗ ರೈಲಿನಲ್ಲಿ ಪ್ರತಿ ಸಲ ಹೇಳುತ್ತಿದ್ದರು. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿ ಹೂಂಗುಟ್ಟುತ್ತಿದ್ದರು.

ಇಪ್ಪತ್ತನೆಯ ವರ್ಷ, ರೈಲಿನ ಟಿಕೆಟ್ ಮಾಡಿಸುವ ಹೊತ್ತಿಗೆ, ಊಟದ ಮುಂದೆ ಕೂತ ಮೇಷ್ಟ್ರು ತಟ್ಟೆ ನೋಡುತ್ತಾ ಹೇಳಿದರು: "ಈ ಸಲ ಬೇರೆ ಎಲ್ಲಿಗಾದ್ರೂ ಹೋಗೋಣ."

ಹೆಂಡತಿ ಸೌಟು ಹಿಡಿದುಕೊಂಡೇ ನಿಂತರು. "ಬೇರೆ ಅಂದ್ರೆ?"

"ಬೇರೆ ಅಂದ್ರೆ ಬೇರೆ. ಬೆಟ್ಟದ ಊರು ಯಾವುದಾದ್ರೂ. ಪ್ರಪಂಚ ಎಷ್ಟು ದೊಡ್ಡದಿದೆ! ಕಾಲಲ್ಲಿ ಶಕ್ತಿ ಇರೋವಾಗಲೇ ನಾಲ್ಕು ಜಾಗ ನೋಡಬೇಡವೇ?"

"ಹತ್ತೊಂಬತ್ತು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು ಈ ಬುದ್ಧಿ? ನಾನೇ ಎಷ್ಟು ಸಲ ಕೇಳಿಲ್ಲ? ಆಗೆಲ್ಲ 'ಅಕ್ಕನ ಪಂಪು ಯಾರು ನೋಡ್ತಾರೆ' ಅಂತಿದ್ರಿ."

"ಈಗ ಹೇಳ್ತಿದೀನಲ್ಲ, ಹೋಗೋಣ ಅಂತ" ಎಂದು ಮೇಷ್ಟ್ರು ಎದ್ದು ಕೈ ತೊಳೆಯಲು ಹೋದರು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು.

ನಿಜವಾದ ಕಾರಣ ಅವರ ಬಲಗೈಯಲ್ಲಿತ್ತು. ಒಂದೂವರೆ ವರ್ಷದಿಂದ ಅದು ನಡುಗುತ್ತಿತ್ತು. ಮೊದಮೊದಲು ಕೂದಲೆಳೆಯಷ್ಟು ಸಣ್ಣ ತಂತಿಯನ್ನು ಬೆಸೆಯುವಾಗ ಮಾತ್ರ, ಆಮೇಲೆ ಸ್ಕ್ರೂ ಕೂರಿಸುವಾಗ, ಈಗೀಗ ಕಾಫಿ ಲೋಟ ಎತ್ತುವಾಗಲೂ. ಹಿಂದಿನ ವರ್ಷ ಅಕ್ಕನ ವಸತಿಗೃಹದಲ್ಲಿ ಏಣಿಯ ಮೇಲೆ ನಿಂತು ಒಂದೇ ಸ್ಕ್ರೂವನ್ನು ನಾಲ್ಕು ಸಲ ಕೆಳಗೆ ಬೀಳಿಸಿದ್ದರು. "ಬೆಳಕು ಸಾಲದು" ಎಂದು ಬಲ್ಬಿನ ಮೇಲೆ ತಪ್ಪು ಹೊರಿಸಿ, ಹೆಂಗಸರಿಬ್ಬರೂ ಆಚೆ ಹೋದ ಮೇಲೆ ಎರಡೂ ಕೈಯಲ್ಲಿ ಹಿಡಿದು ಹೇಗೋ ಕೆಲಸ ಮುಗಿಸಿದ್ದರು. ಅವರ ಬೀದಿಯಲ್ಲೇ ಇದ್ದ ಒಬ್ಬ ಗಡಿಯಾರದ ಅಂಗಡಿಯವರಿಗೆ ಕೈನಡುಕದಿಂದಲೇ ಶುರುವಾದ ಕಾಯಿಲೆ, ಐದಾರು ವರ್ಷದಲ್ಲಿ ಹಾಸಿಗೆ ಹಿಡಿಸಿತ್ತು. ಆ ಮನುಷ್ಯನಿಗೆ ಮಗ ಊಟ ಮಾಡಿಸುವುದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ನನಗೂ ಅದೇ ಎಂದು ತಾವೇ ತೀರ್ಮಾನಿಸಿ, ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಅಂಗಡಿಯಲ್ಲಿ ಮಗಳು ಒಂದು ದಿನ, "ಅಪ್ಪ, ನೀವು ಗಿರಾಕಿಗಳನ್ನ ಮಾತಾಡಿಸಿ, ಸಣ್ಣ ತಂತಿ ಕೆಲಸ ನಾನು ನೋಡ್ಕೋತೀನಿ" ಎಂದಾಗ, ಸದ್ಯ ಇವಳಿಗೆ ಗೊತ್ತಾಗಲಿಲ್ಲ ಎಂದುಕೊಂಡರು. ಮನೆಯಲ್ಲಿ ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿ, ಹೆಂಡತಿಗೆ ಆಮ್ಲಪಿತ್ತದ ನೆಪ ಹೇಳಿದ್ದರು. ಆದರೆ ಅಕ್ಕನ ಪಟ್ಟಿಗೆ ಯಾವ ನೆಪ? ಏಣಿ ಹತ್ತಿ ನಿಂತ ಮೇಲೆ ಎಲ್ಲ ಬಯಲಾಗುತ್ತಿತ್ತು.

ಹೀಗೆ ಅವರು ಬೆಟ್ಟದ ಊರಿಗೆ ಹೋದರು. ಹೆಂಡತಿ ಮುಖ ಗಂಟಿಕ್ಕಿಕೊಂಡೇ ಬಸ್ಸು ಹತ್ತಿದರು.

ಹೊಸ ಜಾಗದಲ್ಲಿ ಎಲ್ಲವೂ ಎಡವಟ್ಟು. ಮೊದಲ ದಿನವೇ ತಪ್ಪು ಬಸ್ಸು ಹತ್ತಿ, ಕೆರೆ ನೋಡಲು ಹೊರಟವರು ಸಿಮೆಂಟ್ ಗೋದಾಮಿನ ಮುಂದೆ ಇಳಿದರು. ಎಲ್ಲಿಗೆ ಹೋಗಬೇಕಾದರೂ ಒಂದೋ ಏರು, ಇಲ್ಲ ಇಳಿಜಾರು, ಮಟ್ಟಸವಾದ ರಸ್ತೆ ಎಂಬುದೇ ಇಲ್ಲ. ಹೆಂಡತಿ ಹತ್ತು ಹೆಜ್ಜೆಗೊಮ್ಮೆ ನಿಂತು, "ಅಕ್ಕನ ಜಗಲಿ ಇಷ್ಟು ಹೊತ್ತಿಗೆ ಎಷ್ಟು ಚೆನ್ನಾಗಿರುತ್ತೆ" ಎಂದರು. ಆದರೆ ಮೇಷ್ಟ್ರು ಮಾತ್ರ ಖುಷಿಯಾಗಿದ್ದರು. ಅಲ್ಲಿ ಯಾರೂ ಅವರನ್ನು ಏನೂ ಕೇಳಲಿಲ್ಲ. ಅವರು ಮೋಟಾರು ಕಟ್ಟುವವರೋ ಮೂಟೆ ಹೊರುವವರೋ ಯಾರಿಗೂ ಗೊತ್ತಿರಲಿಲ್ಲ. ಜೇಬಿನಲ್ಲಿ ಕೈ ಹಾಕಿಕೊಂಡು ಮಂಜಿನಲ್ಲಿ ಓಡಾಡಿದರು, ಬೆಂಚಿನ ಮೇಲೆ ಸುಮ್ಮನೆ ಕೂತರು, ಗುರುತಿಲ್ಲದ ಮುದುಕರೊಬ್ಬರ ಜೊತೆ ಒಂದು ಗಂಟೆ ನಾಯಿಗಳ ವಿಷಯ ಮಾತಾಡಿದರು.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿ ಸ್ನಾನ ಮುಗಿಸಿ ಬಂದವರು ಮಂಚದ ತುದಿಯಲ್ಲಿ ಕೂತು ಗಂಡನನ್ನೇ ನೋಡತೊಡಗಿದರು.

"ರೀ, ಬಚ್ಚಲ ಬಾಗಿಲಿನ ತಿರುಪು ಸಡಿಲ ಆಗಿದೆ. ಮೂರು ದಿನದಿಂದ ನಾನು ಮೊಣಕಾಲಲ್ಲಿ ಬಾಗಿಲು ಎತ್ತಿ ಹಾಕ್ತಿದೀನಿ. ನೀವೂ ಎತ್ತಿ ಹಾಕ್ತಿದೀರಿ."

"ಹೌದಾ? ಕೆಳಗೆ ಹೇಳಿದ್ರೆ ಸರಿ ಮಾಡಿಕೊಡ್ತಾರೆ."

"ಕೆಳಗೆ ಹೇಳಿದ್ರೆ?" ಹೆಂಡತಿ ಎದ್ದು ನಿಂತರು. "ಮದುವೆಯಾದ ವಾರಕ್ಕೇ ನಮ್ಮಪ್ಪನ ಮನೆಯ ಬಾಗಿಲು ಬಿಚ್ಚಿ ಹಾಕಿದ ಮನುಷ್ಯ ನೀವು. ಬಾಚಣಿಗೆ ಹುಡುಕೋಕೆ ನಿಮ್ಮ ಬ್ಯಾಗೆಲ್ಲ ಜಾಲಾಡಿದೆ. ಆ ಚರ್ಮದ ಚೀಲ ಎಲ್ಲಿ?"

ಮೇಷ್ಟ್ರು ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದರು.

"ಮನೇಲೇ ಬಿಟ್ಟು ಬಂದಿದೀರಿ. ಮರೆತು ಬಿಟ್ಟಿದ್ದಲ್ಲ, ಬೇಕಂತಲೇ. ಏನಾಗಿದೆ ನಿಮಗೆ?"

ಇನ್ನು ಮುಚ್ಚಿಡಲು ಅವರಲ್ಲಿ ತ್ರಾಣವಿರಲಿಲ್ಲ. ಟೀಪಾಯಿಯ ಮೇಲಿದ್ದ ನೀರಿನ ಲೋಟವನ್ನು ಬಲಗೈಯಲ್ಲಿ ಎತ್ತಿ ಹಿಡಿದರು. ನೀರು ತುಳುಕಿ ಅವರ ಮಣಿಕಟ್ಟಿನ ಮೇಲೆ, ಆಮೇಲೆ ಚಾಪೆಯ ಮೇಲೆ ಬಿತ್ತು. ಹೆಂಡತಿ ಲೋಟ ಇಸಿದುಕೊಂಡು ಕೆಳಗಿಟ್ಟು, ಆ ಕೈಯನ್ನು ತಮ್ಮೆರಡು ಕೈಯೊಳಗೆ ಹಿಡಿದುಕೊಂಡರು.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ."

"ಜನ ಬರೆದ ಪುಸ್ತಕದಲ್ಲೆಲ್ಲ ತಪ್ಪು ಹುಡುಕಿದೆ" ಎಂದು ಹೆಂಡತಿ ಅಳಲು ಶುರುಮಾಡಿದರು. "ಪಕ್ಕದಲ್ಲೇ ಕೂತಿರೋ ಗಂಡನ ಕೈ ನಡುಗೋದು ಕಾಣಲಿಲ್ಲವಲ್ಲ ನನಗೆ! ಅದಕ್ಕೇನಾ ಅಕ್ಕನ ಹತ್ತಿರ ಬೇಡ ಅಂದಿದ್ದು?"

"ಹೋಗಿ ಏನು ಮಾಡಲಿ ಹೇಳು. ಅಕ್ಕ ಪಟ್ಟಿ ಹಿಡ್ಕೊಂಡು ಕಾಯ್ತಿರ್ತಾರೆ. ಆಗೋದಿಲ್ಲ ಅನ್ನೋಕೆ ನಾಲಿಗೆ ಏಳಲ್ಲ. ನಾನಿಲ್ಲದೆ ಆ ಕಟ್ಟಡ..."

ಹೆಂಡತಿ ಅಳುತ್ತಿದ್ದವರು ಥಟ್ಟನೆ ನಿಲ್ಲಿಸಿದರು. ಮುಖ ಒರೆಸಿಕೊಂಡರು.

"ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಆ ಪಟ್ಟಿ ಇತ್ತಲ್ಲ, ಅದು ನಾನು ಹೇಳಿ ಮಾಡಿಸಿದ್ದು."

"ಅಂದ್ರೆ?"

"ಮೊದಲ ವರ್ಷ ನಿಮ್ಮ ಕಾಟ ನೋಡಿದ್ನಲ್ಲ. ಎರಡನೇ ವರ್ಷ ಹೊರಡೋ ಮುಂಚೆ ಅಕ್ಕನಿಗೆ ಕಾಗದ ಬರೆದೆ. 'ಏನಾದ್ರೂ ಕೆಟ್ಟಿದ್ರೆ ರಿಪೇರಿ ಮಾಡಿಸಬೇಡಿ, ನಮ್ಮವರಿಗೆ ಅಂತ ಇಟ್ಟಿರಿ, ಇಲ್ಲದಿದ್ರೆ ನನ್ನ ತಲೆ ತಿಂತಾರೆ' ಅಂತ. ಆಮೇಲೆ ಪ್ರತಿ ವರ್ಷ ಅದೇ ರೂಢಿಯಾಯ್ತು."

ಮೇಷ್ಟ್ರು ಹದಿನೆಂಟು ವರ್ಷದ ಪಟ್ಟಿಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದರು. "ಆ ಊಟದ ಕೋಣೆಯ ದೀಪ? ಎಷ್ಟೋ ವರ್ಷ ಅದೇ ತಂತಿ ಬಿಟ್ಟುಕೊಳ್ತಿತ್ತಲ್ಲ?"

"ಕೆಲವು ವರ್ಷ ಏನೂ ಕೆಡ್ತಾನೇ ಇರಲಿಲ್ಲ. ಆಗ ಅಕ್ಕನೇ ಸ್ಟೂಲ್ ಮೇಲೆ ಹತ್ತಿ ಬಿಚ್ಚಿಡ್ತಿದ್ರು."

ಒಂದು ಕ್ಷಣ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ತಾನು ಆಧಾರವಾಗಿ ನಿಂತಿದ್ದೇನೆ ಎಂದುಕೊಂಡಿದ್ದ ಕಟ್ಟಡವೇ ತನ್ನನ್ನು ಆಡಿಸುತ್ತಿತ್ತು! ಆಮೇಲೆ ಅರವತ್ತೆಂಟು ವರ್ಷದ ಅಕ್ಕ ಸ್ಟೂಲು ಹತ್ತಿ, ಆಚೀಚೆ ನೋಡಿ, ತನ್ನ ಮನೆಯ ದೀಪವನ್ನು ತಾನೇ ಕೆಡಿಸುವುದು ಕಣ್ಣಿಗೆ ಕಟ್ಟಿತು. ನಗು ಬಂತು. ಬಂದ ನಗು ನಿಲ್ಲಲೇ ಇಲ್ಲ. ಹೆಂಡತಿಯೂ ನಗತೊಡಗಿದರು. ಪಕ್ಕದ ಕೋಣೆಯವರು ಗೋಡೆ ತಟ್ಟಿದರು.

ಆ ಮಧ್ಯಾಹ್ನವೇ ಹೆಂಡತಿ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದರು. ಕೈಯ ವಿಷಯ ಕೇಳಿ ಅಕ್ಕ ಮರುಗಿದರು. ಡಾಕ್ಟರಿಗೆ ತೋರಿಸದೆ ಇದ್ದುದಕ್ಕೆ ಮೇಷ್ಟ್ರಿಗೆ ಚೆನ್ನಾಗಿ ಬೈದರು. ಪಟ್ಟಿಯ ಗುಟ್ಟು ಬಯಲಾಯಿತು ಎಂದಾಗ ಮಾತ್ರ, "ಅಬ್ಬಾ, ಸದ್ಯ!" ಎಂದು ನಿಟ್ಟುಸಿರು ಬಿಟ್ಟಿದ್ದು ಪಕ್ಕದಲ್ಲಿದ್ದ ಮೇಷ್ಟ್ರಿಗೂ ಕೇಳಿಸಿತು. ಹೆಂಡತಿ ಫೋನನ್ನು ಅವರ ಕಿವಿಗೆ ಹಿಡಿದರು. "ತಮ್ಮಾ, ಬೇಜಾರು ಮಾಡ್ಕೋಬೇಡ. ಗೀಸರು ಚಳಿಗಾಲದಲ್ಲಿ ಕೆಟ್ಟರೆ ನೀನು ಬರೋ ತನಕ ನಾಲ್ಕು ತಿಂಗಳು ಒಲೆ ಮೇಲೆ ನೀರು ಕಾಯಿಸಿದ್ದೀನಿ ನಾನು. ಗಿರಾಕಿಗಳ ಹತ್ತಿರ ಬೈಸ್ಕೊಂಡಿದ್ದೀನಿ. ಈ ಸಲ ನೀವು ಬರಲ್ಲ ಅಂದ ಮಾರನೇ ದಿನವೇ ಎಲ್ಲ ರಿಪೇರಿ ಮಾಡಿಸಿಬಿಟ್ಟೆ. ಎಷ್ಟು ಹಾಯಾಗಿದೆ ಗೊತ್ತಾ?"

ಊರಿಗೆ ಮರಳಿದ ವಾರದಲ್ಲೇ ಹೆಂಡತಿಯೂ ಮಗಳೂ ಮೇಷ್ಟ್ರನ್ನು ನರರೋಗದ ವೈದ್ಯೆಯ ಬಳಿಗೆ ಕರೆದೊಯ್ದರು. ತಾನು ಒಂದು ವರ್ಷದ ಹಿಂದೆಯೇ ಗಮನಿಸಿದ್ದೆ ಎಂದು ಮಗಳು ದಾರಿಯಲ್ಲಿ ಒಪ್ಪಿಕೊಂಡಳು. "ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ ಅಪ್ಪ. ಕಾಯಬಾರದಿತ್ತು." ವೈದ್ಯೆ ಮೇಷ್ಟ್ರ ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಡಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಬಗ್ಗಿಸಲು ಹೇಳಿದರು, ಕಾರಿಡಾರಿನಲ್ಲಿ ನಡೆಸಿ ನೋಡಿದರು. ಆಮೇಲೆ, "ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗೆ ಕೈ ನಡುಗ್ತಿತ್ತಾ?" ಎಂದು ಕೇಳಿದರು.

"ನಮ್ಮ ಸೋದರತ್ತೆಗೆ. ಬಡಿಸೋಕೆ ಬಂದ್ರೆ ಅರ್ಧ ಸಾರು ನೆಲಕ್ಕೆ. ತೊಂಬತ್ತೊಂದು ವರ್ಷ ಬದುಕಿದ್ರು."

ವೈದ್ಯೆ ನಕ್ಕರು. "ನಿಮ್ಮದೂ ಅದೇ. ಸುಮ್ಮನಿದ್ದಾಗ ಕೈ ನಡುಗಲ್ಲ, ಕೆಲಸಕ್ಕೆ ಎತ್ತಿದಾಗ ನಡುಗುತ್ತೆ. ನೀವು ಹೆದರಿದ ಕಾಯಿಲೆ ಇದಲ್ಲ. ಮಾತ್ರೆ ಕೊಡ್ತೀನಿ, ಪೂರ್ತಿ ಹೋಗದಿದ್ರೂ ಕಡಿಮೆ ಆಗುತ್ತೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ."

ಮೇಷ್ಟ್ರು ಆಸ್ಪತ್ರೆಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟರು. ಒಂದೂವರೆ ವರ್ಷದಿಂದ ಎದೆಯ ಮೇಲೆ ಹೊತ್ತಿದ್ದು ಒಮ್ಮೆಲೇ ಇಳಿದಿತ್ತು. ಹೋಗಿಬರುವ ಜನ ಸುತ್ತಿಕೊಂಡು ಹೋದರು. ಹೆಂಡತಿಯೂ ಮಗಳೂ ಅವರ ಎರಡು ಪಕ್ಕದಲ್ಲಿ ಕೂತರು.

ಮರುವರ್ಷ ಅವರು ಅಕ್ಕನ ವಸತಿಗೃಹಕ್ಕೇ ಹೋದರು. ಅಲ್ಲಿ ಒಂದೂ ಕೆಟ್ಟಿರಲಿಲ್ಲ. ಕೆಲಸವಿಲ್ಲದ ಮೇಷ್ಟ್ರು ದಂಡೆಯುದ್ದಕ್ಕೂ ನಡೆದು ಹೋದರು. ಎರಡು ಮೈಲಿಯಾಚೆ ಬಂಡೆಗಳ ಮೇಲೆ ಒಂದು ದೀಪಸ್ತಂಭವಿತ್ತು, ಅದರಾಚೆ ಒಂದು ಪುಟ್ಟ ಕೊಲ್ಲಿ, ಅಲ್ಲಿ ದೋಣಿ ಕಟ್ಟುವವರು. ಹತ್ತೊಂಬತ್ತು ವರ್ಷ ಬಂದು ಹೋದ ಜಾಗದಲ್ಲಿ ತಾನು ಪಂಪಿನ ಕೋಣೆ ಬಿಟ್ಟು ಬೇರೇನೂ ನೋಡಿರಲಿಲ್ಲ ಎಂದು ಅವರಿಗೆ ಆಗ ಗೊತ್ತಾಯಿತು. ಸಂಜೆ ಬಂದು ಅದನ್ನೆಲ್ಲ ಬಣ್ಣಿಸಿದರೆ ಅಕ್ಕ ಬಾಯಿ ಬಿಟ್ಟುಕೊಂಡು ಕೇಳಿದರು. ಹುಟ್ಟಿದ್ದು ಅಲ್ಲೇ ಆದರೂ ಆ ದೀಪಸ್ತಂಭವನ್ನು ಅವರು ಹತ್ತಿರಲಿಲ್ಲ.

"ನಾನು ನನ್ನ ಆಯುಷ್ಯದಲ್ಲಿ ಇನ್ನೊಬ್ಬರ ವಸತಿಗೃಹದಲ್ಲಿ ಮಲಗಿದವಳೇ ಅಲ್ಲ ಕಣೋ ತಮ್ಮಾ" ಎಂದರು ಅಕ್ಕ. ಹೆಂಡತಿ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

ಅದರ ಮುಂದಿನ ವರ್ಷ ಮೂವರೂ ಸೇರಿ, ಮೂವರಲ್ಲಿ ಯಾರೂ ನೋಡದ ಒಂದು ಊರಿಗೆ ಹೊರಟರು. ಅಕ್ಕ ಮೊದಲ ದಿನ ಹಾಸಿಗೆಯ ಹೊದಿಕೆ ಮುಟ್ಟಿ ನೋಡಿ, "ಇಸ್ತ್ರಿ ಸರಿಯಿಲ್ಲ" ಎಂದರು. ಮಾರನೆಯ ದಿನ ಬೆಳಿಗ್ಗೆ ಅವರ ಕೋಣೆಯ ಬಾಗಿಲು ತೆರೆಯಲೇ ಇಲ್ಲ. ಏಳಾಯಿತು, ಎಂಟಾಯಿತು. ನಲವತ್ತು ವರ್ಷ ಐದಕ್ಕೇ ಎದ್ದು ಇನ್ನೊಬ್ಬರಿಗೆ ಬಿಸಿನೀರು ಕಾಯಿಸಿದ ಹೆಂಗಸು. ಮೇಷ್ಟ್ರಿಗೆ ಗಾಬರಿಯಾಯಿತು. ಹೆಂಡತಿ ಬಾಗಿಲಿಗೆ ಕಿವಿಕೊಟ್ಟು ಕೇಳಿ, ಬೆರಳು ತುಟಿಯ ಮೇಲಿಟ್ಟುಕೊಂಡು ವಾಪಸು ಬಂದರು.

"ಗೊರಕೆ ಹೊಡೀತಿದಾರೆ. ಗಟ್ಟಿಯಾಗಿ."

ಕಸ ಗುಡಿಸಲು ಬಂದವಳನ್ನು ಆಮೇಲೆ ಬಾರಮ್ಮಾ ಎಂದು ಕಳಿಸಿ, ಇಬ್ಬರೂ ಮೆಲ್ಲಗೆ ಮೆಟ್ಟಿಲಿಳಿದು ತಿಂಡಿಗೆ ಹೋದರು.