ಬಸುರಿನಲ್ಲಿ ಮರಳಿದ ಕೈಗಳು

ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ಬೆಳಗಾವಿಯ ಶಿವಬಸವ ನಗರಕ್ಕೆ ಬಂದ ವರ್ಷವೇ ನನ್ನ ಬೆರಳ ಗಂಟುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ರೊಟ್ಟಿ ಬಡಿಯುವುದಂತೂ ದೂರದ ಮಾತು. ಡಾಕ್ಟರಬಾಯಿ ಸಂಧಿವಾತ ಎಂದರು. ಹರೆಯದ ಹುಡುಗಿಗೆ ಮುದುಕಿಯರ ರೋಗ ಬಂತೆಂದು ಓಣಿಯವರು ನಕ್ಕರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಬಸುರಾದೆ. ಕೆಲವೇ ತಿಂಗಳಲ್ಲಿ ಬಾವು ಇಳಿಯಿತು, ನೋವು ಹೇಳದೆ ಕೇಳದೆ ಹೊರಟುಹೋಯಿತು. ಏಳನೇ ತಿಂಗಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಬಳೆಗಾರ್ತಿ ಹಸಿರು ಬಳೆಗಳನ್ನು ಸಲೀಸಾಗಿ ಏರಿಸಿದಳು. ಅತ್ತೆ ಬಂದವರಿಗೆಲ್ಲ ನನ್ನ ಕೈ ಹಿಡಿದು ತೋರಿಸಿದರು. "ಕೂಸು ರೋಗಾ ತಿಂದೈತಿ ನೋಡ್ರಿ!"

ಎಲ್ಲರೂ ನಕ್ಕರು, ನಾನೂ. ಮುಂದೆ ತಪಾಸಣೆಗೆ ಹೋದಾಗ ಈ ಮಾತು ಹೇಳಿದರೆ ಡಾಕ್ಟರಬಾಯಿ ಮಾತ್ರ ನಗಲಿಲ್ಲ. "ಹಡದ ಮ್ಯಾಲ ಹೊಳ್ಳಿ ಬರತೈತಿ. ಹೆಚ್ಚಾಗೇ ಬರಬಹುದು. ಮನ್ಯಾಗ ಹೇಳಿಡವಾ," ಎಂದರು. ಹೇಳಿದೆ. ತುಂಬಿದ ಬಸುರಿಗೆ ಅಪಶಕುನ ನುಡಿದವಳ ಹತ್ತಿರ ಮತ್ತೆ ಹೋಗುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಹೆರಿಗೆಗೆ ಖಾನಾಪುರದ ತವರಿಗೆ ಹೋದೆ. ಹೆಣ್ಣು ಕೂಸು. ಮೊದಮೊದಲು ನಾನೇ ಎತ್ತಿಕೊಂಡೆ, ನಾನೇ ತೊಟ್ಟಿಲಿಗೆ ಹಾಕಿದೆ. ಆದರೂ ಕಣ್ಣು ಬಿಟ್ಟ ತಕ್ಷಣ ಬೆರಳು ಮಡಚಿ ನೋಡುವ ಚಟ ಹತ್ತಿತ್ತು. ಒಂದು ಬೆಳಿಗ್ಗೆ ಕಿರುಬೆರಳು ಮಡಚಲಿಲ್ಲ. ಯಾರಿಗೂ ಹೇಳಲಿಲ್ಲ. ವಾರದೊಳಗೆ ಮುಂಗೈ ಬಾತು, ಕುಬಸದ ಬಳೆಗಳು ಚರ್ಮದಲ್ಲಿ ಹೂತುಕೊಂಡವು.

ಅವ್ವ ಅವನ್ನು ಒಂದೊಂದಾಗಿ ಒಡೆದಳು. ಮರಾಠಿ ಬೆರೆತ ನಮ್ಮ ತವರಲ್ಲಿ ಮುತ್ತೈದೆಯ ಬಳೆ 'ಒಡೆಯಿತು' ಎನ್ನಬಾರದು. 'ವಾಢಲೀ', ಅಂದರೆ ಹೆಚ್ಚಿತು ಎನ್ನಬೇಕು. ಪ್ರತಿ ಬಳೆಗೂ ಅವ್ವ "ವಾಢಲೀ, ವಾಢಲೀ," ಎನ್ನುತ್ತಿದ್ದಳು.

"ಅವ್ವಾ, ಆ ಮಾತೊಂದು ಬ್ಯಾಡ," ಎಂದು ಚೀರಿದೆ.

"ಹಂಗ ಅನಬೇಕು, ಸುಮ್ನಿರು."

ಹೆಚ್ಚಿತು. ಮೊಣಕೈ, ಮೊಣಕಾಲು, ಕೊನೆಗೆ ದವಡೆ. ಬಾಣಂತಿ ತಣ್ಣೀರು ಮುಟ್ಟಿರಬೇಕೆಂದು ಬಂದವರು ಆಡಿಕೊಂಡರು. ಮೊಲೆಗೆ ಹಾಕಿಕೊಳ್ಳಬೇಕೆಂದರೂ ಯಾರಾದರೂ ಕೂಸನ್ನು ತಂದು ನನ್ನ ಪಕ್ಕ ಮಲಗಿಸಬೇಕು. ಅದು ಅವ್ವನ ಸೀರೆಯ ವಾಸನೆಗೇ ಸುಮ್ಮನಾಗತೊಡಗಿತು. ನನಗೆ ಹೊಟ್ಟೆಕಿಚ್ಚಾಯಿತು, ಹೆತ್ತ ಅವ್ವನ ಮೇಲೇ.

ಬೆಳಗಾವಿಗೆ ಮರಳಿ ವರ್ಷ ಕಳೆಯುವಷ್ಟರಲ್ಲಿ ಮಗಳು ನಡೆಯುತ್ತಿದ್ದಳು. ನನ್ನೆದುರು ನಿಂತು ಎರಡೂ ಕೈ ಚಾಚುವಳು. ನಾನು ಎತ್ತಿಕೊಳ್ಳದಿದ್ದಾಗ ಅತ್ತೆಯ ಕಡೆ ತಿರುಗುವಳು. ಬರಬರುತ್ತಾ ನನ್ನ ಹತ್ತಿರ ಕೈ ಚಾಚುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಅತ್ತೆ ನನ್ನ ಬೆರಳುಗಳಿಗೆ ಎಣ್ಣೆ ನೀವುತ್ತಾ, ಅಕ್ಕರೆಯಿಂದಲೇ ಹೇಳಿದರು: "ಇನ್ನೊಂದು ಹಡದಬಿಡವಾ. ಬಸುರಾದ್ರ ಕೈ ಆರಾಮ ಆಕ್ಕಾವು."

ಹಡೆದ ಮೇಲೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೂಂ ಎಂದೆ. ಕೆಲವು ತಿಂಗಳಾದರೂ ನನ್ನ ಮಗಳನ್ನು ಎತ್ತಿಕೊಳ್ಳಬೇಕಿತ್ತು. ಬರುವ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆಂದು ಅತ್ತೆ ಕೇಳಲಿಲ್ಲ. ನಾನೂ ಕೇಳಲಿಲ್ಲ.