ಮೇಲಿನ ದನಿ

ಹೊನ್ನಾಳಿಯ ಹಾಲೇಶ ಡಿಪ್ಲೊಮಾ ಮುಗಿಸಿ ಗುಜರಾತಿನ ಸೂರತ್ ಬಳಿಯ ಹಜೀರಾದ ಕಾರ್ಖಾನೆಗೆ ಬಂದಾಗ, ಗಿಟಾರ್ ಅಂದರೆ ಅವನಿಗೆ ಮದುವೆಮನೆಯ ಆರ್ಕೆಸ್ಟ್ರಾದಲ್ಲಿ ದೂರದಿಂದ ಕಂಡ ವಸ್ತು, ಅಷ್ಟೆ. ಕಂಪನಿ ಕಾಲೊನಿಯ ಕೋಣೆಯಲ್ಲಿ ಜೊತೆಗೆ ಸಿಕ್ಕವನು ಮೈಸೂರಿನ ಹೃಷಿಕೇಶ. ಹಳೆಯದೊಂದು ಗಿಟಾರನ್ನು ಇವನ ಕೈಗೆ ಕೊಟ್ಟು, ಬೆರಳ ತುದಿ ಬೊಬ್ಬೆಯೆದ್ದು ಗಟ್ಟಿಯಾಗುವವರೆಗೂ ಬೆನ್ನುಬಿಡದೆ ಕಲಿಸಿದ. ಕಲಿಸಿದ್ದು ಅರ್ಧ ಮಾತ್ರ. ಹಾಡಿನ ಧಾಟಿ ಯಾವತ್ತೂ ಹೃಷಿಕೇಶನದು. ಅದರ ಎರಡು ಸ್ವರ ಕೆಳಗೆ, ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಹಾಲೇಶ. ಇಬ್ಬರೂ ಒಟ್ಟಿಗೆ ನುಡಿಸಿದರೆ ಕೋಣೆಯಲ್ಲಿ ಮೂರನೆಯವರು ಯಾರೋ ಇದ್ದಾರೆ ಅನಿಸುತ್ತಿತ್ತು. ಹಾಲೇಶನದನ್ನಷ್ಟೇ ಬಿಡಿಸಿ ಕೇಳಿದರೆ ಅದು ಯಾವ ಹಾಡೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ.

ಮದುವೆಯಾದ ಮೇಲೆ ಹೆಂಡತಿ ತುಂಗಾ ಛೇಡಿಸುತ್ತಿದ್ದಳು. "ಅವ್ರು ಗಾಳಿಪಟ, ನೀವು ಬಾಲಂಗೋಚಿ."

"ಬಾಲಂಗೋಚಿ ಇಲ್ದಿದ್ರೆ ಪಟ ಗಿರಕಿ ಹೊಡಿತತೆ, ತಿಳ್ಕ" ಎನ್ನುತ್ತಿದ್ದ ಹಾಲೇಶ. ನಿಜವಾಗಿಯೂ ಅವನಿಗೆ ಅದರಲ್ಲಿ ಕೊರಗಿರಲಿಲ್ಲ, ಒಂದು ಗುಟ್ಟಿನ ಜಂಬವೇ ಇತ್ತು.

ಹೃಷಿಕೇಶನ ಮಗಳು ನಿಕಿತಾ ಹುಟ್ಟಿದ್ದು ಉತ್ತರಾಯಣದ ದಿನ, ಊರಿಗೆ ಊರೇ ಮಹಡಿ ಹತ್ತಿ ಗಾಳಿಪಟ ಹಾರಿಸುವ ಸಂಕ್ರಾಂತಿಯಂದು. ಅವಳಿಗೆಂದೇ ಅವನೊಂದು ಧಾಟಿ ಕಟ್ಟಿದ. ಅವನು ಜೀವಮಾನದಲ್ಲಿ ಸ್ವಂತ ಕಟ್ಟಿದ್ದು ಅದೊಂದೇ. ಪ್ರತಿ ವರ್ಷ ಆ ದಿನ ಮಹಡಿಯ ಮೇಲೆ, ಪಟಗಳ ಗದ್ದಲದ ನಡುವೆ, ಇಬ್ಬರೂ ಅದನ್ನು ನುಡಿಸುತ್ತಿದ್ದರು. ಸರಿಯಾಗಿ ರೆಕಾರ್ಡ್ ಮಾಡಿಡೋ ಎಂದರೆ, "ಮಾಡೋಣ ಇರೋ, ಎಲ್ಲಿಗೆ ಓಡಿಹೋಗುತ್ತೆ?" ಎನ್ನುತ್ತಿದ್ದ ಮಹಾರಾಯ.

ನಿಕಿತಾಗೆ ಆರು ತುಂಬಿದ ಮರುದಿನ ಬೆಳಗ್ಗೆ ಹೃಷಿಕೇಶ ಬೈಕಿನಲ್ಲಿ ಶಿಫ್ಟಿಗೆ ಹೊರಟ. ಮೇಲುಸೇತುವೆಯ ಮೇಲೆ, ಯಾರದೋ ಕಡಿದುಹೋದ ಪಟದ, ಗಾಜಿನಪುಡಿ ಸವರಿದ ಮಾಂಜಾ ದಾರ ಅಡ್ಡಲಾಗಿ ತೂಗುತ್ತಿತ್ತು. ಅದು ಅವನ ಕುತ್ತಿಗೆಗೆ ಸಿಕ್ಕಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಲಂಗೋಚಿಯ ಮಾತನ್ನು ತುಂಗಾ ಮತ್ತೆಂದೂ ಆಡಲಿಲ್ಲ. ಹಾಲೇಶನ ಗಿಟಾರ್ ಬೀರುವಿನ ಮೇಲೆ ಸೇರಿತು. ಹೃಷಿಕೇಶನ ಹೆಂಡತಿ ವಿಂಧ್ಯಾ ವಡೋದರಾದ ಶಾಲೆಯೊಂದರಲ್ಲಿ ಕೆಲಸ ಹಿಡಿದು ಮಗಳೊಂದಿಗೆ ಹೊರಟುಹೋದಳು.

ಮೂರು ವರ್ಷದ ಮೇಲೆ ಅವಳ ಫೋನು ಬಂತು. "ಹಾಲೇಶಣ್ಣ, ಇವಳು ಗಿಟಾರ್ ಕಲೀತಿದ್ದಾಳೆ. ಪಪ್ಪನ ಟ್ಯೂನು ಮರೆತು ಹೋಗ್ತಿದೆ ಅಂತ ಒಂದೇ ಸಮ ಅಳ್ತಾಳೆ. ನಂಗೂ ಮೊದಲ್ನೇ ಸಾಲು ಬಿಟ್ರೆ ನೆನಪಿಲ್ಲ. ನೀವೊಬ್ರೇ ಗತಿ."

ಜೊತೆಗೊಂದು ವಿಡಿಯೊ ಕಳಿಸಿದಳು, ಆ ಕೊನೆಯ ಹುಟ್ಟುಹಬ್ಬದ್ದು. ಅಕ್ಕಪಕ್ಕದ ಮಹಡಿಗಳ ಧ್ವನಿವರ್ಧಕ, ಎದುರಿನ ಪಟ ಕಡಿದವರ 'ಕಾಪ್ಯೋ ಛೇ' ಎಂಬ ಕೂಗು, ಪೀಪಿ. ಹೃಷಿಕೇಶನ ಬೆರಳು ಚೌಕಟ್ಟಿನಾಚೆ, ಅವನ ಗಿಟಾರ್ ಗದ್ದಲದಲ್ಲಿ ಮುಳುಗಿತ್ತು. ಫೋನನ್ನು ಹಾಲೇಶನ ಮಗ್ಗುಲಿಗೆ ಒರಗಿಸಿದ್ದರಿಂದ ಸ್ಪಷ್ಟವಾಗಿ ಕೇಳುತ್ತಿದ್ದುದು ಅವನದೇ ದನಿ. ಯಾರಿಗೂ ಬೇಡವಾದದ್ದು.

ಹಾಲೇಶ ಗಿಟಾರ್ ಇಳಿಸಿ, ತಂತಿ ಬದಲಿಸಿ ಕುಳಿತ. ಕೆಳಗಿನದು ಗೊತ್ತಿದ್ದರೆ ಎರಡು ಸ್ವರ ಮೇಲೆ ಹುಡುಕಿಕೊಳ್ಳಬಹುದು. ಮೊದಲ ಎರಡು ಸಾಲು ಹಾಗೆಯೇ ಸಿಕ್ಕಿದವು, ಅವನು ಅತ್ತುಬಿಟ್ಟ. ಮೂರನೆಯದರಲ್ಲಿ ಬೆರಳು ನಿಂತಿತು. ಅಲ್ಲಿ ಹೃಷಿಕೇಶ ಹೇಳಿದ್ದ: "ನೀನು ಒಂದೇ ಸ್ವರ ಹಿಡ್ಕೊಂಡು ನಿಂತಿರು, ನಾನು ಸುತ್ತಾಡ್ಕೊಂಡು ಬರ್ತೀನಿ." ಇವನು ನಿಂತಿದ್ದ. ವರ್ಷವರ್ಷವೂ ತಾಳ ಎಣಿಸುತ್ತ, ಅವನು ಯಾವಾಗ ಮರಳುತ್ತಾನೆ ಎಂದಷ್ಟೇ ಕಾದಿದ್ದ. ಎಲ್ಲಿಗೆ ಹೋಗಿಬರುತ್ತಾನೆಂದು ಕಿವಿಗೊಡಲಿಲ್ಲ. ಈಗ ನೆನಪಿನಲ್ಲಿದ್ದದ್ದು ಒಂದು ತುಣುಕು: ಮೇಲಕ್ಕೆ ಹಾರಿ, ಯಾಕೋ ಅಳುಕಿ ನಿಂತದ್ದು. ಅದರ ಹಿಂದಿಲ್ಲ, ಮುಂದಿಲ್ಲ. ಏನೇನೋ ಕಟ್ಟಿ ನೋಡಿದ. ಸುಡುಗಾಡು, ಒಂದೇ ಸ್ವರದ ಮೇಲೆ ಏನಿಟ್ಟರೂ ಕೂರುತ್ತಿತ್ತು! ತಪ್ಪು ಯಾವುದೆಂದು ಹೇಳುವವರು ಬೇಕಲ್ಲ. ಕೊನೆಗೆ ಆ ತುಣುಕನ್ನೂ ಕೈಬಿಟ್ಟು, ನಯವಾಗಿ ಇಳಿದುಬರುವ ಒಂದು ದಾರಿಯನ್ನು ತಾನೇ ಹಾಕಿದ. ಈ ಭಾಗ ನನ್ನದು ಎಂದು ಹೇಳಿಬಿಡುವುದೆಂದು ನಿಶ್ಚಯಿಸಿಕೊಂಡೇ ಭಾನುವಾರ ವಡೋದರಾದ ರೈಲು ಹತ್ತಿದ.

ನಿಕಿತಾ ಎದುರಿಗೆ ಕೂತಳು, ಮುಖದಲ್ಲಿ ಅಪ್ಪನದೇ ಹುಬ್ಬು. ಮೊದಲ ಸಾಲಿಗೆ ಸುಮ್ಮನಿದ್ದಳು, ಎರಡನೆಯದಕ್ಕೂ. ಮೂರನೆಯ ಸಾಲಿನಲ್ಲಿ ಹಾಲೇಶ ತನ್ನ ದಾರಿ ಹಿಡಿದು ಇಳಿಯುತ್ತಿದ್ದಂತೆ ಎದ್ದೇ ನಿಂತಳು.

"ಯಹೀ, ಅಂಕಲ್! ಇದೇ! ಇಲ್ಲಿ ಪಪ್ಪಾ ಕಣ್ಣು ಬಂದ್ ಮಾಡ್ತಿತ್ತು. ನಂಗೆ ಯಾದ್ ಇದೆ!"

ಅಡುಗೆಮನೆಯ ಬಾಗಿಲಲ್ಲಿ ವಿಂಧ್ಯಾ ಸೆರಗು ಬಾಯಿಗೊತ್ತಿಕೊಂಡಿದ್ದಳು. "ಅದೇ ಅಲ್ವಾ, ಹಾಲೇಶಣ್ಣ?"

ಹಾಲೇಶ ರೈಲಿನುದ್ದಕ್ಕೂ ಜೋಡಿಸಿಕೊಂಡ ಮಾತು ಅಲ್ಲೇ ಸತ್ತಿತು.

"ಅದೇ ಕಣಮ್ಮ" ಎಂದ.

ಮಗು ಚುರುಕು, ಸಂಜೆಯೊಳಗೆ ಕಲಿತುಬಿಟ್ಟಳು. "ಈಗ ನೀವು ನೀಚೇವಾಲಾ ಬಜಾಯಿಸಿ" ಎಂದಳು. ಹಾಲೇಶ ಕೆಳಗಿನದನ್ನು ಹಿಡಿದ. ಮೂರನೆಯ ಸಾಲಿಗೆ ಬಂದಾಗ ಹಿಂದಿನಂತೆಯೇ ಒಂದು ಸ್ವರದ ಮೇಲೆ ನಿಂತ. ಅದರ ಮೇಲೆ ಮಗು ಕಣ್ಣು ಮುಚ್ಚಿಕೊಂಡು, ಅಪ್ಪ ಎಂದೂ ನಡೆಯದ ದಾರಿಯಲ್ಲಿ ಒಂದು ತಪ್ಪೂ ಇಲ್ಲದೆ ನಡೆದುಹೋದಳು.

ಸೂರತ್‌ಗೆ ಮರಳುವ ರೈಲು ಭರೂಚ್ ದಾಟುವಾಗ ಅವನು ಗೆಳೆಯನ ಆ ತುಣುಕನ್ನು ಇನ್ನೊಮ್ಮೆ ನೆನೆಯಲು ನೋಡಿದ, ಮೇಲಕ್ಕೆ ಹಾರಿ ಅಳುಕಿ ನಿಂತದ್ದನ್ನು. ಎಷ್ಟು ತಿಣುಕಿದರೂ ಬರಲಿಲ್ಲ. ಬಂದದ್ದು ಮಗು ನುಡಿಸಿದ್ದೇ.